ಟ್ರೇಸ್ ಕೆಟ್ಟಾಗ ಮೊದಲು ಎಲ್ಲಿ ನೋಡಬೇಕು? ಸುತ್ತಿಗೆ ಸರ್ವೆಯ ಅಲೆಗಳ ದೋಷ ನಿವಾರಣೆ ಕೈಪಿಡಿ

ಕೊಪ್ಪಳದ ಹತ್ತಿರ ಒಂದು ಮಸಾರಿ ಹೊಲದಲ್ಲಿ ಬಂಡೆ ಎಷ್ಟು ಆಳದಲ್ಲಿದೆ ಎಂದು ತಿಳಿಯಲು, ನೆಲದ ಅಲುಗಾಟ ಹಿಡಿಯುವ 24 ಜಿಯೋಫೋನ್ ಸಾಲಾಗಿ ನೆಟ್ಟಿದ್ದೆವು. ಒಂಬತ್ತನೇ ಚಾನೆಲ್‌ನಲ್ಲಿ (ಅಂದರೆ ಒಂಬತ್ತನೇ ಜಿಯೋಫೋನಿನ ಗೆರೆಯಲ್ಲಿ) ಮಾತ್ರ ಅಲೆ ತೀರಾ ಸಣ್ಣದು. 'ಇಲ್ಲಿ ಬಂಡೆ ಬಿರುಕು ಬಿಟ್ಟಿರಬಹುದು' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೊಲದ ಯಜಮಾನರು ಅದನ್ನು ಕೇಳಿಸಿಕೊಂಡು ಆ ಜಾಗಕ್ಕೆ ಕಲ್ಲಿಟ್ಟು ಬೋರ್‌ಗೆ ಗುರುತೂ ಮಾಡಿಬಿಟ್ಟರು. ಬಿರುಕು ನಿಜವಾಗಿ ಇದ್ದದ್ದು ಕ್ಲಿಪ್‌ನಲ್ಲಿ. ತುಕ್ಕು ಹಿಡಿದ ಕ್ಲಿಪ್‌ಗೆ ತಂತಿಯ ಒಂದೇ ಒಂದು ಎಳೆ ಅಂಟಿಕೊಂಡಿತ್ತು. ಪುಣ್ಯಕ್ಕೆ ರಿಗ್ ಲಾರಿ ಬರುವ ಮೊದಲೇ ಗೊತ್ತಾಯಿತು.

ಆವತ್ತಿನಿಂದ ನನ್ನದು ಒಂದೇ ಕ್ರಮ. ಟ್ರೇಸ್ ವಿಚಿತ್ರವಾಗಿ ಕಂಡರೆ ಮೊದಲು ಕ್ಲಿಪ್ಪು, ಆಮೇಲೆ ಮಣ್ಣು, ಆಮೇಲೆ ಸುತ್ತಮುತ್ತಲಿನ ಪಂಪು ಮತ್ತು ಲಾರಿ, ಅದಾದ ಮೇಲೆ ಸಾಫ್ಟ್‌ವೇರ್. ಭೂವಿಜ್ಞಾನದ ಸರದಿ ಎಲ್ಲಕ್ಕಿಂತ ಕೊನೆಗೆ. ಹೊಸಬರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಾನೂ ಮಾಡಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಉಪಕರಣ ಏನು ಮಾಡುತ್ತದೆ ಎಂದು ಎರಡು ಮಾತು. ಜಿಯೋಫೋನ್ ಒಳಗೆ ಒಂದು ಅಯಸ್ಕಾಂತ, ಸ್ಪ್ರಿಂಗಿಗೆ ತೂಗಿದ ಒಂದು ತಂತಿಸುರುಳಿ. ನೆಲ ಅಲುಗಿದಾಗ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ನೆಲ ಎಷ್ಟು ದೂರ ಸರಿಯಿತು ಎಂಬುದನ್ನು ಅದು ಹೇಳುವುದಿಲ್ಲ, ಎಷ್ಟು ವೇಗವಾಗಿ ಅಲುಗಿತು ಎಂಬುದನ್ನು ಹೇಳುತ್ತದೆ. ಆ ವೋಲ್ಟೇಜಿನ ಏರಿಳಿತವನ್ನು ಕಾಲದ ಜೊತೆ ಬರೆದ ಗೆರೆಯೇ ಟ್ರೇಸ್. ನಾವು ಲೋಹದ ತಟ್ಟೆಗೆ ಸಮ್ಮಟ್ಟಿಗೆಯಿಂದ ಹೊಡೆಯುತ್ತೇವೆ. ಆ ಪೆಟ್ಟು ಮಣ್ಣು, ಗರಸು, ಬಂಡೆ ದಾಟಿ ಪ್ರತಿ ಜಿಯೋಫೋನಿಗೆ ಯಾವಾಗ ಮುಟ್ಟಿತು ಎಂದು ಓದುತ್ತೇವೆ. ಅದರಿಂದ ಬಂಡೆಯ ಆಳ ಲೆಕ್ಕ ಹಾಕುತ್ತೇವೆ. ಅಷ್ಟೇ.

ಕೇಬಲ್ ಬಿಚ್ಚುವ ಮುಂಚೆ

ಗುಡುಗು ಕೇಳಿಸಿತೋ, ಕೆಲಸ ನಿಲ್ಲಿಸಿ. ನೂರು ಮೀಟರ್ ತಾಮ್ರದ ಕೇಬಲ್ ಬಯಲಿನಲ್ಲಿ ಹಾಸಿಕೊಂಡು ಕೂತಿದ್ದೀರಿ ಎಂಬುದು ನೆನಪಿರಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಅದನ್ನು ಮುಟ್ಟಬೇಡಿ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಗೊತ್ತೇ ಇದೆ.

ಹೈಟೆನ್ಷನ್ ಲೈನಿನ ಕೆಳಗೆ ಅದಕ್ಕೆ ಸಮಾನಾಂತರವಾಗಿ ಕೇಬಲ್ ಎಳೆಯಬೇಡಿ. ಹೊಡೆಯುವವರು ಬೂಟು, ಕನ್ನಡಕ ಹಾಕಲೇಬೇಕು. ಸಮ್ಮಟ್ಟಿಗೆಯಿಂದ ಉಕ್ಕಿನ ಚೂರು ಸಿಡಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನೊಳಗೆ ಕೈ ಹಾಕಬೇಡಿ, ಹಾವು ಇರಬಹುದು. ಅದಿರು ಲಾರಿ ಓಡಾಡುವ ರಸ್ತೆಗೆ ಅಡ್ಡ ಕೇಬಲ್ ಹಾಸಬೇಡಿ. ಪೆಟ್ಟು ಸಾಲದು, ಸ್ವಲ್ಪ ಮದ್ದು ಸಿಡಿಸೋಣ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸ್ಫೋಟಕ ಮುಟ್ಟುವುದು ಲೈಸೆನ್ಸ್ ಇದ್ದವರ ಕೆಲಸ.

"ಒಂದು ಚಾನೆಲ್ ಸತ್ತಿದೆ, ಇಲ್ಲಾ ತೀರಾ ಸಣ್ಣದಾಗಿದೆ"

ಮೊದಲು ಹತ್ತಿರ ಹೋಗಿ ಜಿಯೋಫೋನ್ ಪಕ್ಕದ ನೆಲವನ್ನು ಬೆರಳಿಂದ ತಟ್ಟಿ. ಪರದೆಯಲ್ಲಿ ಗೆರೆ ಕುಣಿದರೆ ತಂತಿಯ ಸಂಪರ್ಕ ಇದೆ, ತೊಂದರೆ ಮಣ್ಣಿನಲ್ಲಿ. ಕುಣಿಯದಿದ್ದರೆ ಕ್ಲಿಪ್ ತೆಗೆದು, ಬಟ್ಟೆಯಿಂದ ಉಜ್ಜಿ, ಮತ್ತೆ ಹಾಕಿ. ಅರ್ಧಕ್ಕಿಂತ ಜಾಸ್ತಿ ಕೇಸುಗಳು ನನ್ನ ಅನುಭವದಲ್ಲಿ ಇಲ್ಲೇ ಮುಗಿದಿವೆ.

ಆದರೂ ಸರಿಹೋಗಲಿಲ್ಲವೇ? ಪಕ್ಕದ ಚಾನೆಲಿನ ಜಿಯೋಫೋನ್ ಜೊತೆ ಅದಲುಬದಲು ಮಾಡಿ. ದೋಷ ಜಿಯೋಫೋನ್ ಜೊತೆಗೇ ಹೋದರೆ ಅದರದ್ದೇ ತಪ್ಪು. ಹಳೇ ಚಾನೆಲಿನಲ್ಲೇ ಉಳಿದರೆ ಕೇಬಲ್ ಅಥವಾ ರೆಕಾರ್ಡ್ ಮಾಡುವ ಬಾಕ್ಸ್. ಆಮೇಲೆ ಮಲ್ಟಿಮೀಟರ್. 4.5 ಹರ್ಟ್ಸ್‌ನ ಸಾಮಾನ್ಯ ಜಿಯೋಫೋನಿನ ಸುರುಳಿ ಸುಮಾರು 375 ಓಮ್ ತೋರಿಸುತ್ತದೆ. ಸುರುಳಿಯ ಓಲಾಟ ತಗ್ಗಿಸುವ ಡ್ಯಾಂಪಿಂಗ್ ರೆಸಿಸ್ಟರ್ ಸೇರಿಸಿದ್ದರೆ ಇನ್ನೂ ಕಡಿಮೆ. ಹಾಗಾಗಿ ಸಂಖ್ಯೆಗಿಂತ ಹೋಲಿಕೆ ಮುಖ್ಯ. ಇಪ್ಪತ್ತಮೂರು ಒಂದೇ ಥರ ತೋರಿಸಿ ಇಪ್ಪತ್ತನಾಲ್ಕನೆಯದು ಬೇರೆ ತೋರಿಸಿದರೆ ಕಳ್ಳ ಸಿಕ್ಕ. ಮೀಟರ್ ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ಸೊನ್ನೆ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ.

ಈಗ ಮಣ್ಣಿನ ವಿಷಯ. ರಾಯಚೂರು, ಸಿರುಗುಪ್ಪ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಜಿಯೋಫೋನಿನ ತಳದ ಮೊಳೆಯನ್ನು ಮೇಲಿನ ಪುಡಿಮಣ್ಣಿಗೆ ಚುಚ್ಚಿದರೆ ಅದು ನೆಲದ ಮಾತು ಕೇಳುವುದಿಲ್ಲ, ಸುಮ್ನೆ ಅಲ್ಲಾಡುತ್ತದೆ. ಗೇಣು ಮಣ್ಣು ಕೆರೆದು, ಗಟ್ಟಿ ಪದರಕ್ಕೆ ಹಿಮ್ಮಡಿಯಿಂದ ಒತ್ತಿ. ಕಲ್ಲಿನಿಂದ ಕುಟ್ಟಬೇಡಿ. ನೆಟ್ಟಗೆ ನಿಂತಿದೆಯಾ ನೋಡಿ. ಕಡಿಮೆ ಹರ್ಟ್ಸ್‌ನ ಜಿಯೋಫೋನಿಗೆ ವಾಲಿದರೆ ಆಗಿಬರುವುದಿಲ್ಲ. ಕೊಪ್ಪಳ, ಆನೆಗೊಂದಿ ಕಡೆ ಹುಟ್ಟುಬಂಡೆಯ ಮೇಲೆ ಮೊಳೆ ಇಳಿಯುವುದೇ ಇಲ್ಲ. ಅಲ್ಲಿ ಮೊಳೆ ತೆಗೆದು ಮುಷ್ಟಿಯಷ್ಟು ಗಟ್ಟಿ ಕೆಸರಿನ ಮೇಲೆ ಕೂರಿಸುತ್ತೇನೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಇನ್ನೂ ಒಳ್ಳೆಯದು, ಆದರೆ ಕೆಸರು ಪುಕ್ಕಟೆ.

"ಒಂದು ಟ್ರೇಸ್ ಮಾತ್ರ ತಲೆಕೆಳಗು"

ಅಕ್ಕಪಕ್ಕದವರ ಮೊದಲ ಪೆಟ್ಟು (ಅಂದರೆ ಟ್ರೇಸಿನಲ್ಲಿ ಅಲೆ ಬಂದು ಮುಟ್ಟಿದ ಮೊದಲ ಗುರುತು) ಮೇಲಕ್ಕೆ, ಇವನದ್ದು ಕೆಳಕ್ಕೆ. ಎರಡು ತಂತಿ ಅದಲುಬದಲಾಗಿವೆ, ಬೇರೇನೂ ಅಲ್ಲ. ಕ್ಲಿಪ್ ತಿರುಗಿಸಿ ಹಾಕಿ. ಹೊಲದಲ್ಲಿ ಗಮನಿಸದೆ ಮನೆಗೆ ಬಂದಿದ್ದರೆ ಆ ಟ್ರೇಸನ್ನು ಮೈನಸ್ ಒಂದರಿಂದ ಗುಣಿಸಿದರೆ ಸಾಕು.

"ಎಲ್ಲ ಚಾನೆಲ್‌ಗಳಲ್ಲೂ ಒಂದೇ ಥರದ ಗುಂಯ್‌ಗುಡುವ ಅಲೆ"

ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಎಷ್ಟು ಸಮಯ ಎಂದು ಅಳೆಯಿರಿ. 20 ಮಿಲಿಸೆಕೆಂಡ್ ಬಂದರೆ 50 ಹರ್ಟ್ಸ್, ಅಂದರೆ ಕರೆಂಟ್. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಕಡೆ ಪ್ರತಿ ಹೊಲಕ್ಕೂ ಒಂದು ಪಂಪ್‌ಸೆಟ್ ಇರುವುದರಿಂದ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಇದು ತಂತಿಯ ಮೂಲಕ ಬಂದ ಕರೆಂಟೋ, ನೆಲದ ಮೂಲಕ ಬಂದ ಮೋಟರಿನ ನಡುಕವೋ? ಎರಡಕ್ಕೂ ಮದ್ದು ಬೇರೆ ಬೇರೆ.

ಕಾಸಿಲ್ಲದ ಪರೀಕ್ಷೆ ಇದೆ. ಒಂದು ಜಿಯೋಫೋನ್ ಕಿತ್ತು, ನಾಲ್ಕು ಮಡಿಕೆ ಮಾಡಿದ ಗೋಣಿಚೀಲದ ಮೇಲೆ ನಿಲ್ಲಿಸಿ. ಗುಂಯ್ ಹಾಗೇ ಉಳಿದರೆ ಅದು ಗಾಳಿಯಲ್ಲಿ ಬಂದ ಕರೆಂಟು, ಕೇಬಲ್ ಅದನ್ನು ಆಂಟೆನಾದಂತೆ ಹಿಡಿಯುತ್ತಿದೆ. ಬಹಳ ಕಡಿಮೆಯಾದರೆ ನೆಲವೇ ನಡುಗುತ್ತಿದೆ.

ಎರಡನೇ ಸುಳಿವು ಸಂಖ್ಯೆಯಲ್ಲಿದೆ. ನನಗೆ ತುಂಬಾ ಇಷ್ಟವಾದ ಸುಳಿವು ಇದು. ಕರೆಂಟು ಬಂದರೆ 50 ಹರ್ಟ್ಸ್ ಹತ್ತಿರವೇ ಬರುತ್ತದೆ, ಜೊತೆಗೆ 100, 150. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟರ್ ಮಾತ್ರ ನಿಮಿಷಕ್ಕೆ 3000 ಸುತ್ತು ತಿರುಗುವುದಿಲ್ಲ. ಸ್ವಲ್ಪ ಹಿಂದೆ ಬೀಳುತ್ತದೆ, 2850–2900ರ ಸುಮಾರು. ಅಂದರೆ ಸೆಕೆಂಡಿಗೆ ಸುಮಾರು 48. ಹಾಗಾಗಿ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಯಾವ ಹರ್ಟ್ಸ್‌ನ ಅಲೆ ಎಷ್ಟಿದೆ ಎಂದು ತೋರಿಸುವ ಚಿತ್ರದಲ್ಲಿ, 48ರಲ್ಲಿ ಶಿಖರ ಕಂಡರೆ ಅದು ಪಂಪಿನ ನಡುಕ. ಡೀಸೆಲ್ ಎಂಜಿನ್ ಇನ್ನೂ ಸುಲಭ. ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ 1500 ಸುತ್ತಿನಲ್ಲಿ ಓಡಿದರೆ 25 ಹರ್ಟ್ಸ್. ಎರಡು ಸುತ್ತಿಗೊಮ್ಮೆ ಉರಿಯುವುದರಿಂದ 12.5ರಲ್ಲೂ ಒಂದು ಶಿಖರ.

ಆದರೆ 48 ಮತ್ತು 50 ಬೇರೆ ಬೇರೆಯಾಗಿ ಕಾಣಬೇಕಾದರೆ ರೆಕಾರ್ಡ್ ಉದ್ದವಿರಬೇಕು. ಅರ್ಧ ಸೆಕೆಂಡಿನ ರೆಕಾರ್ಡಿನಲ್ಲಿ ಸ್ಪೆಕ್ಟ್ರಮ್‌ನ ಮೆಟ್ಟಿಲು 2 ಹರ್ಟ್ಸ್ ಅಗಲ. ಎರಡೂ ಸೇರಿ ಒಂದೇ ದಪ್ಪ ಗುಡ್ಡವಾಗುತ್ತದೆ. ಹೊಡೆಯದೆ ಸುಮ್ನೆ 4 ಸೆಕೆಂಡ್ ರೆಕಾರ್ಡ್ ಮಾಡಿ. ಆಗ ಮೆಟ್ಟಿಲು ಕಾಲು ಹರ್ಟ್ಸ್, ಎರಡೂ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಇನ್ನು ಮದ್ದು. ಪಂಪಿನ ನಡುಕವಾದರೆ ಹೊಲದವರಿಗೆ ಕೈಮುಗಿದು ಹತ್ತು ನಿಮಿಷ ಬಂದ್ ಮಾಡಿಸಿ. ಕರೆಂಟಿನದ್ದಾದರೆ ಕೇಬಲನ್ನು ಲೈನಿನಿಂದ ದೂರ ಸರಿಸಿ, ಸುತ್ತಿಟ್ಟ ಉಳಿಕೆ ಕೇಬಲನ್ನು ಬಿಚ್ಚಿ ಹಾಸಿ, ಒದ್ದೆ ಕ್ಲಿಪ್ ಒರೆಸಿ. ಎಲ್ಲಕ್ಕಿಂತ ಒಳ್ಳೆಯ ಫಿಲ್ಟರ್ ಎಂದರೆ ತ್ರೀ ಫೇಸ್ ಹೋಗುವ ಹೊತ್ತು. ಒಮ್ಮೆ ಕುಷ್ಟಗಿ ಕಡೆ ಎರಡು ತಾಸು ಈ ಗುಂಯ್ ಜೊತೆ ಗುದ್ದಾಡಿದ್ದೆವು. ಬದುವಿನ ಮೇಲೆ ಕೂತಿದ್ದ ಅಜ್ಜ "ಸರ, ತ್ರೀ ಫೇಸ್ ಹೋತು ನೋಡ್ರಿ, ಈಗ ಹೊಡೀರಿ" ಅಂದರು. ಟ್ರೇಸ್ ಕನ್ನಡಿಯ ಹಾಗೆ ಬಂತು.

ನಾಚ್ ಫಿಲ್ಟರ್ ಹಾಕಿ 50 ಹರ್ಟ್ಸ್ ಕೊಯ್ದುಹಾಕಬಹುದಲ್ವಾ ಎಂದು ಕೇಳುತ್ತಾರೆ. ಹಾಕಬಹುದು. ಆದರೆ ಸುತ್ತಿಗೆಯ ಪೆಟ್ಟಿನ ಶಕ್ತಿಯೂ ಬಹುಪಾಲು ಅದೇ ಆಸುಪಾಸಿನಲ್ಲಿರುತ್ತದೆ. ಕಳೆ ಕೀಳಲು ಹೋಗಿ ಬೆಳೆಯನ್ನೂ ಕಿತ್ತಂತೆ. ಅದು ಕೊನೆಯ ದಾರಿ.

"ಅಲೆಯ ತಲೆ ಕೊಯ್ದ ಹಾಗೆ ಚಪ್ಪಟೆ"

ಬಾಕ್ಸ್ ಅಳೆಯಬಲ್ಲದ್ದಕ್ಕಿಂತ ದೊಡ್ಡ ವೋಲ್ಟೇಜ್ ಬಂದಿದೆ. ತಟ್ಟೆಯ ಹತ್ತಿರದ ಎರಡು ಮೂರು ಚಾನೆಲಿನಲ್ಲಿ ಇದು ಸಹಜ. ಅಲೆ ಯಾವಾಗ ಬಂತು ಎಂದಷ್ಟೇ ಬೇಕಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಮೊದಲ ಏರು ಹಾಗೇ ಇರುತ್ತದೆ. ಎತ್ತರ ಅಥವಾ ಸ್ಪೆಕ್ಟ್ರಮ್ ಬೇಕಿದ್ದರೆ ಮಾತ್ರ ಆ ಟ್ರೇಸ್ ಕೆಲಸಕ್ಕೆ ಬಾರದು. ಚಪ್ಪಟೆಯಾದ ಅಲೆ ಸ್ಪೆಕ್ಟ್ರಮ್‌ನಲ್ಲಿ ಮೂರು ಪಟ್ಟು, ಐದು ಪಟ್ಟು ಹರ್ಟ್ಸ್‌ನಲ್ಲಿ ಇಲ್ಲದ ಶಿಖರಗಳನ್ನು ಹುಟ್ಟಿಸುತ್ತದೆ. ಗೇನ್ (ಬಾಕ್ಸ್ ಅಲೆಯನ್ನು ಎಷ್ಟು ಹಿಗ್ಗಿಸುತ್ತದೆ ಎಂಬುದು) ಇಳಿಸಿ ಮತ್ತೆ ಹೊಡೆಯಿರಿ. ಹೋದ ತಲೆಯನ್ನು ಕಂಪ್ಯೂಟರಿನಲ್ಲಿ ಅಂಟಿಸಲು ಹೋಗಬೇಡಿ.

"ದೂರದ ಚಾನೆಲ್‌ಗಳಲ್ಲಿ ಮೊದಲ ಪೆಟ್ಟೇ ಕಾಣುತ್ತಿಲ್ಲ"

ಮೊದಲು ತಟ್ಟೆಯನ್ನು ನೋಡಿ. ಅದು ಪುಡಿಮಣ್ಣಿನ ಮೇಲೆ ಕೂತಿದ್ದರೆ ಪೆಟ್ಟಿನ ಬಲ ಅಲ್ಲೇ ಇಂಗುತ್ತದೆ. ಮೇಲ್ಮಣ್ಣು ತೆಗೆದು, ರೆಕಾರ್ಡ್ ಮಾಡದೆ ನಾಲ್ಕೈದು ಪೆಟ್ಟು ಹಾಕಿ, ತಟ್ಟೆ ಗಟ್ಟಿಯಾಗಿ ಕೂತ ಮೇಲೆ ಶುರುಮಾಡಿ.

ಎರಡನೆಯದು ಹೊತ್ತು. ಗಾಳಿ ಬೀಸಿದರೆ ಜಾಲಿ ಗಿಡದ ಬೇರೂ ನೆಲ ಅಲುಗಿಸುತ್ತದೆ. ಸಂಡೂರು, ತೋರಣಗಲ್ಲು ರಸ್ತೆಗಳ ಹತ್ತಿರ ಲಾರಿಯ ಸದ್ದು ನಿಲ್ಲುವುದೇ ಅಪರೂಪ. ಬೆಳಗಿನ ಜಾವದ ಒಂದು ತಾಸು ಮಧ್ಯಾಹ್ನದ ನಾಲ್ಕು ತಾಸಿಗೆ ಸಮ. ಬಿಸಿಲೂ ಇರುವುದಿಲ್ಲ.

ಮೂರನೆಯದು ಪೆಟ್ಟುಗಳನ್ನು ಕೂಡಿಸುವುದು, ಅಂದರೆ ಸ್ಟ್ಯಾಕಿಂಗ್. ಪೆಟ್ಟಿನ ಅಲೆ ಪ್ರತಿ ಸಲವೂ ಅದೇ ಹೊತ್ತಿಗೆ ಬರುತ್ತದೆ, ಗದ್ದಲ ಮನಸ್ಸಿಗೆ ಬಂದ ಹಾಗೆ ಬರುತ್ತದೆ. ಕೂಡಿಸಿದಾಗ ಅಲೆ ಬೆಳೆಯುತ್ತದೆ, ಗದ್ದಲ ತನ್ನನ್ನು ತಾನೇ ತಿನ್ನುತ್ತದೆ. ಲಾಭ ಪೆಟ್ಟುಗಳ ವರ್ಗಮೂಲದಷ್ಟು. 4 ಪೆಟ್ಟಿಗೆ ಎರಡು ಪಟ್ಟು, 16 ಪೆಟ್ಟಿಗೆ ನಾಲ್ಕು ಪಟ್ಟು. ಎಂಟು ಪಟ್ಟು ಬೇಕೆಂದರೆ 64 ಪೆಟ್ಟು! ಎಂಟು ಕಿಲೋ ಸಮ್ಮಟ್ಟಿಗೆ ಎತ್ತುವವರನ್ನು ಒಮ್ಮೆ ನೋಡಿ ಆಮೇಲೆ ನಿರ್ಧರಿಸಿ. ಹದಿನಾರರ ಮೇಲೆ ಹೋಗುವುದಕ್ಕಿಂತ ಇನ್ನೊಂದು ದಿನ ಬೆಳಿಗ್ಗೆ ಬರುವುದೇ ಮೇಲು. ನಮ್ಮ ಗೌರಿಬಿದನೂರಿನಲ್ಲಿ 1960ರ ದಶಕದಿಂದ ಇರುವ, ಭೂಕಂಪನ ಅಳೆಯುವ ಕೇಂದ್ರದ ಹಿಂದೆಯೂ ಇದೇ ಉಪಾಯವಿದೆ. ಅಲ್ಲಿ ಪೆಟ್ಟುಗಳ ಬದಲು, ಬೇರೆ ಬೇರೆ ಕಡೆ ಇಟ್ಟ ಉಪಕರಣಗಳ ಟ್ರೇಸುಗಳನ್ನು ಸಮಯ ಹೊಂದಿಸಿ ಕೂಡಿಸುತ್ತಾರೆ.

"ಪೆಟ್ಟುಗಳನ್ನು ಕೂಡಿಸಿದಷ್ಟೂ ಟ್ರೇಸ್ ಮಸುಕಾಗುತ್ತಿದೆ", "ಹೊಡೆಯುವ ಮೊದಲೇ ಅಲೆ ಬಂದಿದೆ"

ಮೊದಲ ಅನುಮಾನ ಟ್ರಿಗರ್ ಮೇಲೆ. ಸಮ್ಮಟ್ಟಿಗೆಯ ಹಿಡಿಗೆ ಟೇಪ್ ಸುತ್ತಿ ಕಟ್ಟಿದ ಸ್ವಿಚ್ಚೇ ಬಾಕ್ಸಿಗೆ 'ಈಗ ಶುರು' ಎಂದು ಹೇಳುವುದು. ಟೇಪ್ ಸಡಿಲವಾದರೆ ಪ್ರತಿ ಪೆಟ್ಟಿಗೂ ಸೊನ್ನೆ ಸಮಯ ಅತ್ತಿತ್ತ ಆಗುತ್ತದೆ. ಆಗ ಪೆಟ್ಟುಗಳು ಒಂದರ ಮೇಲೊಂದು ಕೂರುವುದಿಲ್ಲ. ತಟ್ಟೆಯಿಂದ ಒಂದು ಗೇಣು ದೂರದಲ್ಲಿ ಒಂದು ಜಿಯೋಫೋನ್ ನೆಡಿ. ಅದರ ಮೊದಲ ಪೆಟ್ಟು ಪ್ರತಿ ಸಲವೂ ಸೊನ್ನೆಯ ಪಕ್ಕದಲ್ಲೇ ಇರಬೇಕು. ಇಲ್ಲದಿದ್ದರೆ ಟೇಪ್ ಬಿಗಿ ಮಾಡಿ. ತಂತಿ ಬಗ್ಗುವ ಜಾಗದಲ್ಲಿ ಒಳಗೇ ತುಂಡಾಗಿದೆಯಾ ನೋಡಿ. ಪೆಟ್ಟುಗಳನ್ನು ಬಿಡಿಬಿಡಿಯಾಗಿಯೂ ಉಳಿಸಿಕೊಳ್ಳುವುದು ಒಳ್ಳೆಯದು, ಆಮೇಲೆ ಹೊಂದಿಸಬಹುದು.

5 ಮಿಲಿಸೆಕೆಂಡ್ ಎಂದರೆ ಏನು ಮಹಾ ಅನ್ನಿಸಬಹುದು. ಮೇಲ್ಮಣ್ಣಿನಲ್ಲಿ ವೇಗ ಸೆಕೆಂಡಿಗೆ 500 ಮೀಟರ್, ಬಂಡೆಯಲ್ಲಿ 5000 ಎಂದುಕೊಳ್ಳಿ. ಎಲ್ಲ ಟ್ರೇಸೂ 5 ಮಿಲಿಸೆಕೆಂಡ್ ಜರುಗಿದರೆ ಬಂಡೆಯ ಆಳದಲ್ಲಿ ಸುಮಾರು ಒಂದೂಕಾಲು ಮೀಟರ್ ತಪ್ಪು. ಮನೆಯ ಪಾಯಕ್ಕೆ ಸರ್ವೆ ಮಾಡುತ್ತಿದ್ದರೆ ಇದು ಸಣ್ಣ ಮಾತಲ್ಲ.

ಟ್ರಿಗರ್ ಸರಿಯಿದ್ದೂ ಪೆಟ್ಟಿಗಿಂತ ಮುಂಚೆ ಸಣ್ಣ ಅಲೆಗಳು ಕಂಡರೆ ನಿಮ್ಮ ಫಿಲ್ಟರ್ ನೋಡಿಕೊಳ್ಳಿ. 'ಜೀರೋ ಫೇಸ್' ಫಿಲ್ಟರ್ ಟ್ರೇಸನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತದೆ. ಹಾಗಾಗಿ ಗಟ್ಟಿ ಪೆಟ್ಟಿನ ಪ್ರತಿಧ್ವನಿ ಪೆಟ್ಟಿಗಿಂತ ಮೊದಲೂ ಹರಡುತ್ತದೆ. ಇನ್ನೊಂದು ಥರದ ಫಿಲ್ಟರ್ ಮುಂಚೆ ತರುವುದಿಲ್ಲ, ಆದರೆ ಪೆಟ್ಟನ್ನು ತಡ ಮಾಡುತ್ತದೆ. ನಾನಂತೂ ಮೊದಲ ಪೆಟ್ಟನ್ನು ಯಾವಾಗಲೂ ಕಚ್ಚಾ ಟ್ರೇಸಿನ ಮೇಲೇ ಗುರುತಿಸುತ್ತೇನೆ. ಫಿಲ್ಟರ್ ಹಾಕಿದ್ದು ಪಕ್ಕದಲ್ಲಿ ಸಹಾಯಕ್ಕೆ ಮಾತ್ರ.

"ಎಲ್ಲಿ ಹೊಡೆದರೂ ವೇಗ 350 ಮೀಟರ್ ಬರುತ್ತಿದೆ"

ಅದು ನೆಲವಲ್ಲ, ಸುತ್ತಿಗೆಯ ಸದ್ದು. 35 ಡಿಗ್ರಿ ಬಿಸಿಲಿನಲ್ಲಿ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 352 ಮೀಟರ್ ಓಡುತ್ತದೆ. 50 ಮೀಟರ್ ದೂರಕ್ಕೆ ಸುಮಾರು 142 ಮಿಲಿಸೆಕೆಂಡ್. ಚೂಪಾದ, ಚಿಕ್ಕ ಅಲೆ. ಎಲ್ಲ ಚಾನೆಲ್ ದಾಟಿ ನೆಟ್ಟಗಿನ ಗೆರೆಯಲ್ಲಿ ಕೂರುತ್ತದೆ, ಎಲ್ಲೂ ಮುರಿಯುವುದಿಲ್ಲ. ಒಣ ಎರೆ ಮಣ್ಣಿನ ವೇಗವೂ ಕೆಲವೊಮ್ಮೆ ಇದರ ಹತ್ತಿರವೇ ಇರುವುದರಿಂದ ಮೋಸಹೋಗುವುದು ಸುಲಭ. ಜಿಯೋಫೋನ್ ಮೇಲೆ ಮಣ್ಣು ಮುಚ್ಚಿ ಮತ್ತೆ ಹೊಡೆಯಿರಿ. ಆ ಅಲೆ ಸೊರಗಿದರೆ ಅದು ಸದ್ದೇ.

"ಸ್ಪೆಕ್ಟ್ರಮ್‌ನಲ್ಲಿ ಇರಬಾರದ ಶಿಖರ"

ಸೊನ್ನೆ ಹರ್ಟ್ಸ್‌ನಲ್ಲಿ ದೊಡ್ಡ ಕಂಬ ನಿಂತಿದ್ದರೆ ಟ್ರೇಸಿನ ಸರಾಸರಿಯನ್ನು ಕಳೆಯಲು ಮರೆತಿದ್ದೀರಿ. ಶಿಖರದ ಎರಡೂ ಕಡೆ ಸೆರಗಿನ ಹಾಗೆ ಹರಡಿದ್ದರೆ ರೆಕಾರ್ಡಿನ ಅಂಚು ಥಟ್ಟನೆ ಕತ್ತರಿಸಿದೆ. ಎರಡೂ ತುದಿಯನ್ನು ನಿಧಾನಕ್ಕೆ ಸೊನ್ನೆಗೆ ಇಳಿಸಿ.

ನಿಜವಾದ ಕಳ್ಳ ಏಲಿಯಾಸಿಂಗ್. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಕಥೆ. 4 ಮಿಲಿಸೆಕೆಂಡಿಗೊಂದು ಸ್ಯಾಂಪಲ್ (ಅಲೆಯ ಒಂದು ಅಳತೆ) ತೆಗೆದರೆ ಸೆಕೆಂಡಿಗೆ 250. ಅದರ ಅರ್ಧ, 125 ಹರ್ಟ್ಸ್‌ವರೆಗೆ ಮಾತ್ರ ನಂಬಬಹುದು. 210 ಹರ್ಟ್ಸ್‌ನ ಅಲೆ ಅಲ್ಲಿ 40 ಹರ್ಟ್ಸ್ ವೇಷ ಹಾಕಿಕೊಂಡು ಬರುತ್ತದೆ. ಬಾಕ್ಸಿನಲ್ಲಿ ಇದನ್ನು ತಡೆಯುವ ಫಿಲ್ಟರ್ ಇರುತ್ತದೆ. ತಪ್ಪಾಗುವುದು ಸಾಮಾನ್ಯವಾಗಿ ಮನೆಯಲ್ಲಿ, ಫೈಲ್ ದೊಡ್ಡದಾಯಿತು ಎಂದು ಒಂದು ಬಿಟ್ಟು ಒಂದು ಸಾಲು ಅಳಿಸಿದಾಗ. ಪರೀಕ್ಷೆ ಸರಳ. ಸ್ಯಾಂಪಲ್ ಅಂತರ ಅರ್ಧ ಮಾಡಿ ಮತ್ತೆ ರೆಕಾರ್ಡ್ ಮಾಡಿ. ನಿಜವಾದ ಶಿಖರ ಕದಲುವುದಿಲ್ಲ, ಸುಳ್ಳು ಶಿಖರ ಜಾಗ ಬಿಡುತ್ತದೆ.

"ಯಾರೂ ಹೊಡೆಯಲಿಲ್ಲ, ಆದರೂ ದೊಡ್ಡ ಅಲೆ ಬಂತು"

ಲಾರಿಯ ಅಲೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಕ್ವಾರಿಯ ಸಿಡಿತ ಥಟ್ಟನೆ ಶುರುವಾಗುತ್ತದೆ. ಭೂಕಂಪವಾದರೆ ಎರಡು ಹೆಜ್ಜೆ: ಮೊದಲು ವೇಗವಾಗಿ ಓಡುವ ಪಿ ಅಲೆ, ಆಮೇಲೆ ನಿಧಾನವಾಗಿ ಬರುವ, ಅದಕ್ಕಿಂತ ದೊಡ್ಡ ಎಸ್ ಅಲೆ. ಎರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಸುಮಾರು ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. 1993ರ ಕಿಲ್ಲಾರಿ ಭೂಕಂಪದ ರಾತ್ರಿಯನ್ನು ನಮ್ಮ ಕಡೆಯ ಹಿರಿಯರು ಇನ್ನೂ ನೆನೆಯುತ್ತಾರೆ. ಆದ್ದರಿಂದ ಸರ್ವೆಯ ಪರದೆ ನೋಡಿ ಊರಲ್ಲಿ ಗುಲ್ಲೆಬ್ಬಿಸಬೇಡಿ. ನಾಲ್ಕೈದು ಮೀಟರ್ ಅಂತರದ ಸಾಲಿನಿಂದ ಅದನ್ನು ತೀರ್ಮಾನಿಸಲು ಆಗುವುದಿಲ್ಲ.

ಯಾವಾಗ ಕೈಬಿಡಬೇಕು

ಎಲ್ಲ ಜಿಯೋಫೋನ್ ಕಳಚಿದ ಮೇಲೂ ಪರದೆಯಲ್ಲಿ ಗದ್ದಲ ಹಾಗೇ ಇದ್ದರೆ ಮೊದಲು ಬ್ಯಾಟರಿ ಅಳೆಯಿರಿ. 12 ವೋಲ್ಟಿನ ತುಂಬಿದ ಬ್ಯಾಟರಿ ಸುಮಾರು 12.6 ತೋರಿಸಬೇಕು, 12ಕ್ಕಿಂತ ಕೆಳಗಿದ್ದರೆ ಬದಲಿಸಿ. ಅದಾದ ಮೇಲೂ ಗದ್ದಲ ಇದ್ದರೆ, ಅಥವಾ ಕನೆಕ್ಟರ್ ಒಳಗೆ ಕಾಲುವೆ ನೀರು ಹೋಗಿದ್ದರೆ, ಬಾಕ್ಸ್ ಬಿಚ್ಚಬೇಡಿ. ಸ್ವಿಚ್ ಆಫ್ ಮಾಡಿ, ಒಣಗಿಸಿ, ರಿಪೇರಿ ಬಲ್ಲವರಿಗೆ ಕೊಡಿ. ಮೇ ತಿಂಗಳ ಬಿಸಿಲಿನಲ್ಲಿ ಪರದೆ ಕಪ್ಪಾದರೆ ಅದಕ್ಕೂ ನಿಮಗೂ ನೆರಳು ಬೇಕು ಎಂದರ್ಥ. ಒದ್ದೆ ಬಟ್ಟೆ ಸುತ್ತುವ ಜಾಣತನ ಬೇಡ.

"ಟ್ರೇಸ್ ಚೆನ್ನಾಗಿದೆ, ಗೆರೆ ಚೆನ್ನಾಗಿದೆ, ಉತ್ತರ ಮಾತ್ರ ಸುಳ್ಳು"

ಇದು ಎಲ್ಲಕ್ಕಿಂತ ಕಷ್ಟದ್ದು, ಯಾಕಂದರೆ ಏನೂ ಕೆಟ್ಟಂತೆ ಕಾಣುವುದೇ ಇಲ್ಲ. ಸಾಲಿನ ಉದ್ದ ಸಾಕೇ ಎಂದು ಮೊದಲು ಕೇಳಿ. ಬಂಡೆ 20 ಮೀಟರ್ ಕೆಳಗಿದ್ದರೆ ಸಾಲು 80ರಿಂದ 100 ಮೀಟರ್ ಇರಬೇಕು. ಇಲ್ಲದಿದ್ದರೆ ಬಂಡೆಯ ಮೂಲಕ ಓಡಿದ ಅಲೆ ಮಣ್ಣಿನ ಅಲೆಗಿಂತ ಮೊದಲು ಬರುವ ಜಾಗವೇ ಸಾಲಿನ ಆಚೆ ಉಳಿಯುತ್ತದೆ. ಎರಡೂ ತುದಿಯಿಂದ ಹೊಡೆದಿದ್ದೀರಾ? ಬಂಡೆ ಓರೆಯಾಗಿದ್ದರೆ ಒಂದು ಕಡೆಯಿಂದ ವೇಗ ಜಾಸ್ತಿ, ಇನ್ನೊಂದು ಕಡೆಯಿಂದ ಕಡಿಮೆ ಕಾಣುತ್ತದೆ.

ಗಂಗಾವತಿ ಕಡೆ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಗದ್ದೆಗಳ ನಡುವೆ ಒಮ್ಮೆ ಸರ್ವೆ ಮಾಡಿದ್ದೆವು. ಎರಡನೇ ಪದರದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್ ಬಂತು. ಶಿಥಿಲ ಬಂಡೆ ಎಂದು ಖುಷಿಯಿಂದ ಬರೆದೆವು. ಆದರೆ ನೀರಿನಲ್ಲಿ ಶಬ್ದದ ವೇಗವೂ ಸುಮಾರು 1500. ನೀರು ತುಂಬಿದ ಸಡಿಲ ಮಣ್ಣು ಅಷ್ಟೇ ತೋರಿಸುತ್ತದೆ. ನಾವು ಅಳೆದದ್ದು ಅಂತರ್ಜಲದ ಮಟ್ಟವನ್ನು, ಗಟ್ಟಿ ಬಂಡೆ ಇನ್ನೂ ಕೆಳಗಿತ್ತು. ಇನ್ನೂರು ಹೆಜ್ಜೆ ದೂರದಲ್ಲಿ ಒಂದು ಹಳೇ ತೆರೆದ ಬಾವಿ ಇತ್ತು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದರೆ ಐದು ನಿಮಿಷದಲ್ಲಿ ನೀರಿನ ಮಟ್ಟ ಸಿಗುತ್ತಿತ್ತು. ನಾವು ಊಟಕ್ಕೆ ಕೂತದ್ದೇ ಆ ಬಾವಿಯ ಕಟ್ಟೆಯ ಮೇಲೆ.